ಮೊಮ್ಮಗಳೊಂದಿಗೆ ಮೃಗಾಲಯದಲ್ಲಿ ಒಂದು ದಿನ

(ನಮ್ಮ ಬಳಗದ ಬೇಸಿಗೆ ಶಿಬಿರದಲ್ಲಿ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಮುಂದೆ ಮಾಡಿದ ಭಾಷಣದ ಬರಹ ರೂಪ)



'ಮಕ್ಕಳು ಮತ್ತು ವನ್ಯಜೀವಿಗಳು' ಎಂಬ ವಿಷಯವನ್ನು ಸಂಘಟಕರು ನನಗೆ ಒಪ್ಪಿಸಿದ್ದಾರೆ. ಈ ವಿಷಯದ ಮೇಲೆ ನಾನು ಹಿಂದೆಯೂ ಹತ್ತಾರು ಶಾಲೆಗಳಲ್ಲಿ ಮಾತನಾಡಿದ್ದೇನೆ. ತಪ್ಪು ಮಾಡದವರನ್ನು ಕೂಡಿಹಾಕುವ ಸೆರೆಮನೆಯೇ ಮೃಗಾಲಯ, ಅಲ್ಲಿಗೆ ಮಕ್ಕಳನ್ನು ಕರೆದೊಯ್ಯಬೇಡಿ ಎಂದು ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ. ಇಂದು ಅದೇ ಭಾಷಣವನ್ನು ಮಾಡಲಾರೆ. ಕಳೆದ ದಸರಾ ರಜೆಯಲ್ಲಿ ನಾನೇ ಒಂದು ಇಡೀ ದಿನವನ್ನು ಮೈಸೂರಿನ ಮೃಗಾಲಯದಲ್ಲಿ ಕಳೆದು ಬಂದಿದ್ದೇನೆ. ಅಲ್ಲಿ ನಡೆದದ್ದನ್ನು ನಡೆದಂತೆ ಹೇಳಿಬಿಡುತ್ತೇನೆ.

ನನ್ನ ಮೊಮ್ಮಗಳಿಗೆ ಆರು ವರ್ಷ, ಒಂದನೆಯ ತರಗತಿ. ಪಠ್ಯಪುಸ್ತಕದಲ್ಲಿ ಜಿರಾಫೆಯ ಚಿತ್ರವನ್ನು ನೋಡಿದಂದಿನಿಂದ ಅದನ್ನು ಕಣ್ಣಾರೆ ನೋಡಬೇಕೆಂಬ ಹಟ ಹಿಡಿದಿದ್ದಳು. ಅಡಿಕೆ ಕೊಯ್ಲು ಶುರುವಾದರೆ ಮನೆಯಿಂದ ಯಾರೂ ಅಲುಗಾಡುವಂತಿಲ್ಲ. ಹೀಗಾಗಿ ಅದಕ್ಕೆ ಮೊದಲೇ ಹೋಗಿಬರೋಣವೆಂದು ಮಗ, ಸೊಸೆ ನಿಶ್ಚಯಿಸಿದರು. 'ಅಪ್ಪ ಹೇಗೂ ಬರುವುದಿಲ್ಲ' ಎಂದು ಅವರು ಮೂರೇ ಟಿಕೇಟು ಮಾಡಿಸಿದ್ದರು. ಮೊಮ್ಮಗಳು ನನ್ನ ಕೈ ಹಿಡಿದು ಎಳೆದಾಗ ಸಿದ್ಧಾಂತ ಸಡಿಲವಾಯಿತು. ತಾಳಗುಪ್ಪದಲ್ಲಿ ರಾತ್ರಿಯ ರೈಲು ಹತ್ತಿದೆವು.

ಮೃಗಾಲಯದ ಬಗ್ಗೆ ನನಗಿದ್ದ ಸಿಟ್ಟಿಗೆ ಒಂದು ಹಳೆಯ ಕಾರಣವಿತ್ತು. ಪ್ರೌಢಶಾಲೆಯಲ್ಲಿದ್ದಾಗ ಪ್ರವಾಸಕ್ಕೆಂದು ಹೋಗಿ ಬೇರೊಂದು ಊರಿನ ಮೃಗಾಲಯವನ್ನು ನೋಡಿದ್ದೆ. ಊರಿನ ಹೆಸರು ಈಗ ಬೇಡ. ಅಲ್ಲಿ ಕಬ್ಬಿಣದ ಸರಳುಗಳ ಹಿಂದೆ ಒಂದು ಹುಲಿಯಿತ್ತು. ಏಳು ಹೆಜ್ಜೆ ಆ ಕಡೆ, ಏಳು ಹೆಜ್ಜೆ ಈ ಕಡೆ. ತಿರುಗುವಾಗ ಪ್ರತಿ ಸಲವೂ ಮೂಗು ಒಂದೇ ಸರಳಿಗೆ ತಾಗುತ್ತಿತ್ತು, ಆ ಸರಳಿನ ಬಣ್ಣ ಸವೆದು ಹೋಗಿತ್ತು. ಇದಕ್ಕೆ ವಿಜ್ಞಾನದ ವಿವರಣೆಯೂ ಇದೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ. 2003ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಾಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ ಎಂಬ ಸಂಶೋಧಕಿಯರು ಬರೆದ ಪ್ರಬಂಧವೊಂದು ಪ್ರಕಟವಾಯಿತು. ಕಾಡಿನಲ್ಲಿ ವಿಶಾಲ ಪ್ರದೇಶದಲ್ಲಿ ಅಲೆಯುವ ಮಾಂಸಾಹಾರಿಗಳೇ ಸೆರೆಯಲ್ಲಿ ಹೆಚ್ಚು ಶತಪಥ ಹಾಕುತ್ತವೆ, ಅವುಗಳ ಮರಿಗಳೇ ಹೆಚ್ಚು ಸಾಯುತ್ತವೆ ಎಂಬುದು ಅವರ ಸಂಶೋಧನೆಯ ಸಾರ. ಬೇಟೆಯ ಅವಕಾಶ ಇಲ್ಲದಿರುವುದಕ್ಕಿಂತಲೂ ತಿರುಗಾಟಕ್ಕೆ ನೆಲವಿಲ್ಲದಿರುವುದೇ ಅವುಗಳಿಗೆ ದೊಡ್ಡ ಹಿಂಸೆ. ಹುಲಿಯ ಆ ಏಳು ಹೆಜ್ಜೆಗಳನ್ನು ಎದೆಯಲ್ಲಿಟ್ಟುಕೊಂಡೇ ನಾನು ಮೈಸೂರಿನಲ್ಲಿ ಇಳಿದೆ.

ಆದರೆ ನ್ಯಾಯವಾಗಿ ಹೇಳಬೇಕು. ಮೈಸೂರಿನದು ಆ ಬಗೆಯ ಪ್ರಾಣಿಸಂಗ್ರಹವಲ್ಲ. 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರ್ ಅವರು ಅರಮನೆಯ ಮೃಗಾಲಯವಾಗಿ ಆರಂಭಿಸಿದ ಈ ತಾಣ 1902ರಲ್ಲಿ ಸಾರ್ವಜನಿಕರಿಗೆ ತೆರೆಯಿತು, 1909ರಲ್ಲಿ ಅವರದೇ ಹೆಸರನ್ನು ಪಡೆಯಿತು. ಈಗ ಹಲವು ಪ್ರಾಣಿಗಳನ್ನು ಸರಳುಗಳ ಹಿಂದಿಡದೆ ಕಂದಕದಾಚೆಯ ಬಯಲಿನಲ್ಲಿ ಇಡಲಾಗಿದೆ. ದೊಡ್ಡ ಮರಗಳಿವೆ, ನೆರಳಿದೆ. ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ. ಮಂಗಳವಾರ ವಾರದ ರಜೆ, ಆ ದಿನ ಪ್ರಾಣಿಗಳಿಗೆ ನಮ್ಮಿಂದ ಬಿಡುವು. ನಮ್ಮ ಮಲೆನಾಡಿನ ಕೆಲವು ಜಲಪಾತಗಳಿಗೂ ಇಂಥದೊಂದು ಮಂಗಳವಾರ ದೊರೆತಿದ್ದರೆ ಎನಿಸಿತು.

ಒಳಹೊಕ್ಕ ಮೇಲೆ ಮಗು ಏನನ್ನು ನೋಡಿತು? ಮೊದಲ ಹದಿನೈದು ನಿಮಿಷ ಅವಳು ನೋಡಿದ್ದು ದಾರಿಬದಿಯಲ್ಲಿ ಓಡಾಡುತ್ತಿದ್ದ ಅಳಿಲನ್ನು. ಅದನ್ನು ನಮ್ಮ ಮನೆಯ ಮಾಡಿನ ಮೇಲೆ ದಿನವೂ ನೋಡುತ್ತಾಳೆ! ದುಡ್ಡು ಕೊಟ್ಟು ಬಂದದ್ದು ಅಳಿಲು ನೋಡುವುದಕ್ಕಲ್ಲ ಎಂದು ಮಗ ಅವಸರಪಡಿಸಿದ. ಮಕ್ಕಳಿಗೆ ದೇಶವಿದೇಶದ ಭೇದವಿಲ್ಲ, ಅಲುಗಾಡುವುದೆಲ್ಲ ಅವರಿಗೆ ಒಂದೇ ಬೆಲೆಯದು. ಜಿರಾಫೆಯ ಮುಂದೆ ನಿಂತಾಗ ಮಾತ್ರ ಅವಳಿಗೆ ಉಸಿರೇ ನಿಂತಂತಾಯಿತು. ಅದು ಎತ್ತರದಲ್ಲಿ ಕಟ್ಟಿದ್ದ ಸೊಪ್ಪನ್ನು ಉದ್ದನೆಯ ಕಪ್ಪು ನಾಲಿಗೆಯಿಂದ ಸುತ್ತಿ ಎಳೆಯುವುದನ್ನು ಬಹಳ ಹೊತ್ತು ನೋಡಿ, 'ಅಜ್ಜ, ಇದಕ್ಕೆ ದೋಟಿ ಬೇಡ' ಎಂದಳು. ಅಡಿಕೆ ತೋಟದ ಮಗು ಮತ್ತೇನು ಹೇಳೀತು!

ಗೊರಿಲ್ಲಾಗಳ ಆವರಣದ ಮುಂದೆ ಮಗ ಸ್ವಲ್ಪ ಹೊತ್ತು ಮೌನವಾಗಿದ್ದ. ಅವನು ಕಾಲೇಜಿನಲ್ಲಿದ್ದಾಗ ಇಲ್ಲಿ ಪೋಲೋ ಎಂಬ ಗೊರಿಲ್ಲಾವನ್ನು ನೋಡಿದ್ದನಂತೆ. 1995ರಲ್ಲಿ ಐರ್ಲೆಂಡಿನ ಡಬ್ಲಿನ್‌ನಿಂದ ಬಂದಿದ್ದ ಪೋಲೋ ಹಲವು ವರ್ಷ ಸಂಗಾತಿಯಿಲ್ಲದೆ ಒಂಟಿಯಾಗಿಯೇ ಬದುಕಿ 2014ರಲ್ಲಿ ತೀರಿಕೊಂಡಿತು. ಬಳಿಕ 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾಗಳನ್ನು ತರಲಾಯಿತು. ಒಂದರ ಬದಲು ಎರಡು ಎಂಬುದು ಸಣ್ಣ ಸಂಗತಿಯಲ್ಲ.

ನಾನು ಸುಮ್ಮನಿರಲಾರದ ಮನುಷ್ಯ. ಕೈಗಡಿಯಾರ ನೋಡಿಕೊಂಡು, ಚಿರತೆಯ ಆವರಣದ ಮುಂದೆ ಒಂದೊಂದು ಸಂಸಾರ ಎಷ್ಟು ಹೊತ್ತು ನಿಲ್ಲುತ್ತದೆಂದು ಅಳೆದೆ. ಇಪ್ಪತ್ತು ಗುಂಪುಗಳನ್ನು ನೋಡಿದೆ. ಎರಡು ನಿಮಿಷ ದಾಟಿದ್ದು ಒಂದೇ ಒಂದು ಗುಂಪು, ಅದೂ ಅವರ ಮಗುವಿನ ಚಪ್ಪಲಿ ಹರಿದಿದ್ದರಿಂದ. ಉಳಿದವರು ಬಂದರು, ಮೊಬೈಲ್ ಎತ್ತಿದರು, ಪ್ರಾಣಿಗೆ ಬೆನ್ನು ಮಾಡಿ ನಿಂತು ತಮ್ಮದೇ ಚಿತ್ರ ತೆಗೆದುಕೊಂಡರು, ನಡೆದರು. ವಿದ್ಯಾರ್ಥಿಗಳೇ, ನೀವು ಮೃಗಾಲಯಕ್ಕೆ ಹೋದರೆ ಎಲ್ಲವನ್ನೂ ನೋಡಲು ಹೋಗಬೇಡಿ. ಯಾವುದಾದರೂ ಒಂದು ಪ್ರಾಣಿಯ ಮುಂದೆ ಅರ್ಧ ಗಂಟೆ ನಿಲ್ಲಿ. ಅದು ಏನು ಮಾಡುತ್ತದೆಂದು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಏನೂ ಮಾಡದಿದ್ದರೆ ಅದನ್ನೂ ಬರೆದುಕೊಳ್ಳಿ.

ಇನ್ನು ನಾನು ಹೇಳಬೇಕಾದ ಸಂಗತಿಗೆ ಬರುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ನಾವು ಸಿಂಗಳೀಕದ ಆವರಣವನ್ನು ತಲುಪಿದೆವು. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹಕ್ಕಿರುವಂಥ ಗೊಂಡೆ. ಒಂದು ಸಿಂಗಳೀಕ ಕೆಳಗಿಳಿದು ಹಣ್ಣಿನ ಹೋಳನ್ನು ತಿನ್ನುತ್ತ ಕುಳಿತಿತ್ತು. ಮೊಮ್ಮಗಳು ಅದನ್ನು ಕಂಡದ್ದೇ ತಡ, ನನ್ನ ಕೈ ಬಿಡಿಸಿಕೊಂಡು ಮುಂದೆ ಓಡಿ, ಎರಡೂ ಕೈಗಳನ್ನು ಬಡಿಯುತ್ತ, 'ಹೋಯ್! ಹೋಯ್! ಹೋ...!' ಎಂದು ಗಂಟಲು ಹರಿಯುವಂತೆ ಕೂಗಿದಳು. ಬಗ್ಗಿ ಕಲ್ಲಿಗಾಗಿಯೂ ನೆಲ ತಡವಿದಳು. ಸಿಂಗಳೀಕ ಹಣ್ಣನ್ನು ಅಲ್ಲೇ ಬಿಟ್ಟು ಮರದ ತುದಿಗೆ ಏರಿತು. ಸುತ್ತಲಿದ್ದವರು ನಕ್ಕರು. ಕೆಲವು ಯುವಕರಿಗೆ ಇದರಿಂದ ಉತ್ಸಾಹ ಬಂತು, ಅವರೂ ಶಿಳ್ಳೆ ಹಾಕತೊಡಗಿದರು.

ಪ್ರಾಣಿಪಾಲಕರೊಬ್ಬರು ಬಂದರು. ಯುವಕರನ್ನು ಗದರಿಸಿ ಕಳುಹಿಸಿದರು. ಬಳಿಕ ಮಗುವಿನ ಎದುರು ಕುಕ್ಕುರುಗಾಲಿನಲ್ಲಿ ಕುಳಿತು, 'ಅವನಿಗೆ ಊಟದ ಹೊತ್ತು ಕಂದಾ, ಊಟ ಮಾಡುವಾಗ ನಿನ್ನನ್ನು ಯಾರಾದರೂ ಓಡಿಸುತ್ತಾರಾ?' ಎಂದು ಕೇಳಿದರು. ಮೊಮ್ಮಗಳು ಅಳತೊಡಗಿದಳು. ಅಳುತ್ತಲೇ ಅವಳು ಹೇಳಿದ್ದು: 'ಮಂಗ ಬಂದ್ರೆ ಹೀಗೇ ಮಾಡ್ಬೇಕು ಅಂತ ಅಜ್ಜ ಹೇಳಿದಾನೆ.'

ಪಾಲಕರು ನನ್ನ ಮುಖ ನೋಡಿದರು. ಸೆರೆಮನೆಯ ಭಾಷಣ ಮಾಡುತ್ತಿದ್ದ ನಾನು ತಲೆ ತಗ್ಗಿಸಿದೆ.

ಮಗು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಮ್ಮ ತೋಟದ ಧರೆಯ ಮೇಲೆ ಮಂಗಗಳ ಹಿಂಡು ಕಂಡೊಡನೆ ಮನೆಯವರೆಲ್ಲ ಹೊರಗೆ ಓಡುತ್ತೇವೆ. ಹಳೆಯ ಡಬ್ಬ, ಕವಣೆ, ಗರ್ನಾಲು, ನಾಯಿ. ಬಾಳೆಗೊನೆ, ಏಲಕ್ಕಿ, ಎಳೆಯ ಅಡಿಕೆ ಹೋದ ಲೆಕ್ಕವನ್ನು ಇಲ್ಲಿ ಕುಳಿತಿರುವ ಪ್ರತಿಯೊಬ್ಬ ರೈತನೂ ಬಾಯಿಪಾಠದಲ್ಲಿ ಒಪ್ಪಿಸಬಲ್ಲ. ನಾನೂ ಒಪ್ಪಿಸಬಲ್ಲೆ. ಮಗು ಮಾತು ಕಲಿಯುವಾಗ 'ಅಮ್ಮ', 'ಅಜ್ಜ' ಆದ ಮೇಲೆ ಕಲಿತ ಶಬ್ದಗಳಲ್ಲಿ ಈ 'ಹೋಯ್' ಕೂಡ ಒಂದು. ಪ್ರಾಣಿಯೊಂದನ್ನು ಕಂಡಾಗ ಆಡಬಹುದಾದ ಬೇರೆ ಮಾತನ್ನು ನಾವು ಅವಳಿಗೆ ಕಲಿಸಿರಲೇ ಇಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ಮೃಗಾಲಯಗಳ ಕುರಿತು ಒಂದು ಅಧ್ಯಾಯವನ್ನು ಸೇರಿಸಲಾಯಿತು. ಅದರ ಪ್ರಕಾರ ಮೃಗಾಲಯದಲ್ಲಿ ಪ್ರಾಣಿಗಳನ್ನು ಕೆಣಕುವುದು, ಅವಕ್ಕೆ ತಿನಿಸು ಕೊಡುವುದು ಮಾತ್ರವಲ್ಲ, ಸದ್ದು ಮಾಡಿ ತೊಂದರೆ ಕೊಡುವುದೂ ಅಪರಾಧ. ಅಂದರೆ ನಮ್ಮ ಮನೆಯಲ್ಲಿ ದಿನನಿತ್ಯದ ಕರ್ತವ್ಯವಾಗಿರುವುದು ಅಲ್ಲಿ ಶಿಕ್ಷಾರ್ಹ. ಆರು ವರ್ಷದ ಮಗು ಈ ಗಡಿಯನ್ನು ಎಲ್ಲಿ ಗುರುತಿಸಬೇಕು? ಯುವಕರ ಶಿಳ್ಳೆಗೂ ಇವಳ ಕೂಗಿಗೂ ನಾನು ವ್ಯತ್ಯಾಸ ಕಾಣುತ್ತೇನೆ. ಅವರು ಮೋಜಿಗಾಗಿ ಕೂಗಿದರು, ಇವಳು ಅಜ್ಜನ ತೋಟವನ್ನು ಕಾಯುತ್ತಿದ್ದಳು. ಆದರೆ ಹಣ್ಣು ಬಿಟ್ಟು ಓಡಿದ ಪ್ರಾಣಿಗೆ ಎರಡೂ ಒಂದೇ.

ಅಳು ನಿಂತ ಮೇಲೆ ಸೊಸೆ ಅವಳಿಗೆ ಅಲ್ಲಿದ್ದ ಫಲಕವನ್ನು ಓದಿ ಹೇಳಿದಳು. ಹೆಸರು, ಆಹಾರ, ವಾಸಸ್ಥಾನ. ವಾಸಸ್ಥಾನ ಪಶ್ಚಿಮ ಘಟ್ಟ ಎಂದರೆ ಎಲ್ಲಿ ಎಂದು ಮಗು ಕೇಳಿತು. ನಮ್ಮ ಊರಿನ ಕಡೆಯೇ, ಸಿದ್ದಾಪುರದಿಂದ ಹೊನ್ನಾವರಕ್ಕೆ ಇಳಿಯುವ ಕಾಡಿನಲ್ಲಿ ಎಂದೆ. ಅವಳು ಸ್ವಲ್ಪ ಯೋಚಿಸಿ, 'ಮತ್ತೆ ಇದನ್ನ ನೋಡೋಕೆ ರೈಲಲ್ಲಿ ಯಾಕೆ ಬಂದ್ವಿ?' ಎಂದಳು. ನನಗೆ ಉತ್ತರ ಹೊಳೆಯಲಿಲ್ಲ, ಐಸ್‌ಕ್ರೀಮ್ ಕೊಡಿಸಿದೆ.

ಉತ್ತರವನ್ನು ಈಗ ನಿಮ್ಮ ಮುಂದೆ ಹೇಳಲು ಯತ್ನಿಸುತ್ತೇನೆ. ಜಗತ್ತಿನಲ್ಲಿ ಸಿಂಗಳೀಕವಿರುವುದು ಕರ್ನಾಟಕ, ಕೇರಳ, ತಮಿಳುನಾಡುಗಳ ಪಶ್ಚಿಮ ಘಟ್ಟದಲ್ಲಿ ಮಾತ್ರ. ಕೇರಳದ ಸೈಲೆಂಟ್ ವ್ಯಾಲಿಯನ್ನು ಅಣೆಕಟ್ಟೆಯಿಂದ ಉಳಿಸಿದ ಹೋರಾಟದಲ್ಲಿ ಈ ಪ್ರಾಣಿಯ ಹೆಸರೇ ಮುಂದಿತ್ತು. 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ನಮ್ಮ ಶಿರಸಿ-ಹೊನ್ನಾವರದ ಕಾಡು ಸಿಂಗಳೀಕದ ವಾಸದ ಉತ್ತರದ ಅಂಚು. ಸುಮಾರು 20 ವರ್ಷಗಳ ಹಿಂದೆ ಸಂಶೋಧಕರು ಇಲ್ಲಿ ಮೂವತ್ತಕ್ಕೂ ಹೆಚ್ಚು ಗುಂಪುಗಳನ್ನು ಗುರುತಿಸಿದಾಗ ನಮ್ಮಲ್ಲಿ ಅನೇಕರಿಗೆ ಅದು ಹೊಸ ಸುದ್ದಿಯಾಗಿತ್ತು. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು, 2019ರಲ್ಲಿ ಅದೂ ಶರಾವತಿ ಅಭಯಾರಣ್ಯವೂ ಸೇರಿ ಸುಮಾರು 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು. ಅದೇ ಕಣಿವೆಯಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಿರುವುದೂ ನಿಮಗೆ ಗೊತ್ತಿದೆ.

ಸಿಂಗಳೀಕ ಮರದ ಮೇಲಿನ ಪ್ರಾಣಿ. ಕೊಂಬೆಗೆ ಕೊಂಬೆ ತಾಗಿದ್ದರೆ ಅದಕ್ಕೆ ದಾರಿ. ನಡುವೆ ರಸ್ತೆಯೋ ತಂತಿಯೋ ಬಂದು ಮೇಲ್ಛಾವಣಿ ತುಂಡಾದರೆ ಗುಂಪು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಮ್ಮೆಗೆ ಒಂದೇ ಮರಿ, ಅದೂ ವರ್ಷಗಳ ಅಂತರದಲ್ಲಿ. ಹೀಗಾಗಿ ಕಳೆದುಹೋದದ್ದು ಬೇಗ ತುಂಬಿಬರುವುದಿಲ್ಲ. ಸರಕಾರದ ಯೋಜನೆಗಳನ್ನು ಬೈಯುವುದು ನಮಗೆ ಸುಲಭ, ಬೈಯಬೇಕಾದದ್ದೂ ಹೌದು. ಆದರೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಪಡೆದು, ಮರಗಳನ್ನು ಬೋಳಿಸಿ, ಕೊಂಬೆಗಳ ಆ ದಾರಿಯನ್ನು ತುಂಡರಿಸಿದವರಲ್ಲಿ ನಾವೂ ಇದ್ದೇವೆ. ಉಪ್ಪಾಗೆಗೆ ಒಳ್ಳೆಯ ದರ ಬಂದ ವರ್ಷಗಳಲ್ಲಿ ಹಣ್ಣಿಗಾಗಿ ಕೊಂಬೆಯನ್ನೇ ಕಡಿದವರು ದೂರದ ಊರಿನವರಲ್ಲ. ಆ ಹಣ್ಣು ಸಿಂಗಳೀಕದ ಊಟ. ಮೈಸೂರಿನಲ್ಲಿ ಪಾಲಕರು ಹೇಳಿದ ಮಾತು ಅಲ್ಲಿಗಷ್ಟೇ ಅನ್ವಯಿಸುವುದಿಲ್ಲವೆಂದು ರೈಲಿನಲ್ಲಿ ಹಿಂತಿರುಗುವಾಗ ನನಗೆ ಅನಿಸಿತು.

ಇನ್ನು ತೋಟಕ್ಕೆ ಬರುವ ನಮ್ಮ ಮಾಮೂಲಿ ಮಂಗ. ಇದನ್ನು ಯಾರೂ ಮೃಗಾಲಯದಲ್ಲಿ ನಿಂತು ನೋಡುವುದಿಲ್ಲ. ಎಲ್ಲೆಲ್ಲಿಯೂ ಇದೆ, ಲೆಕ್ಕವಿಲ್ಲದಷ್ಟಿದೆ ಎಂದೇ ನಾವು ತಿಳಿದಿದ್ದೇವೆ. ಆದರೆ ಭಾರತದ ದಕ್ಷಿಣ ಭಾಗವನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಈ ಜಾತಿಯ ಮಂಗವಿಲ್ಲ. ಮೈಸೂರಿನ ಸುತ್ತಲಿನ ಪ್ರದೇಶದಲ್ಲಿ 25 ವರ್ಷಗಳಲ್ಲಿ ಇವುಗಳ ಸಂಖ್ಯೆ ಶೇ. 65ಕ್ಕಿಂತ ಹೆಚ್ಚು ಇಳಿದಿದೆಯೆಂದು 2017ರಲ್ಲಿ ಸಂಶೋಧಕರು ಪ್ರಕಟಿಸಿದರು. ರಸ್ತೆಬದಿಯ ಆಲ, ಅತ್ತಿ, ಮಾವಿನ ಸಾಲುಮರಗಳು ಹೋದವು, ಅವುಗಳನ್ನು ನಂಬಿದ್ದ ಮಂಗಗಳೂ ಹೋದವು. ಒಂದೂರಲ್ಲಿ ಹಿಡಿದದ್ದನ್ನು ಇನ್ನೊಂದೂರಿನ ಘಟ್ಟದಲ್ಲಿ ಬಿಡುವ ವ್ಯವಹಾರವೂ ಉಂಟು. ಹಾಗೆ ಬಿಟ್ಟ ಪೇಟೆಯ ಮಂಗಕ್ಕೆ ಕಾಡಿನ ಹಣ್ಣಿನ ಪರಿಚಯವಿಲ್ಲ, ಅದು ಮೊದಲು ಹುಡುಕುವುದು ಮನೆಯ ಹೊಗೆಯನ್ನು. 2019-20ರ ಸುಮಾರಿಗೆ ಶಿವಮೊಗ್ಗ ಜಿಲ್ಲೆಯಲ್ಲಿ 'ಮಂಗಗಳ ಪಾರ್ಕ್' ಮಾಡುವ ಮಾತೂ ನಡೆಯಿತು. ರೈತರ ಸಂಕಟ ನಿಜವಾದದ್ದೇ. ಅದರ ಮೇಲೆ 1957ರಲ್ಲಿ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯ ಭಯವೂ ನಮ್ಮ ಜನರಿಗಿದೆ. ಆದರೆ ಸಾವಿರಾರು ಮಂಗಗಳನ್ನು ಒಂದು ಬೇಲಿಯೊಳಗೆ ತುಂಬಿದರೆ ಅವುಗಳಿಗೆ ದಿನವೂ ಹಣ್ಣು ಹಾಕುವವರಾರು? ಮೈಸೂರಿನ ಆ ಪಾಲಕರಂಥವರು ಎಷ್ಟು ಮಂದಿ ಬೇಕಾದಾರು?

ಊರಿಗೆ ಬಂದ ಮೇಲೆ ಮೊಮ್ಮಗಳು ಬಿಡಲಿಲ್ಲ. ನಮ್ಮ ಕಡೆಯ ಸಿಂಗಳೀಕವನ್ನು ತೋರಿಸಲೇಬೇಕು. ಒಂದು ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕತ್ತಲೆಕಾನಿನ ಕಡೆ ಹೋದೆವು. ಅಭಯಾರಣ್ಯದ ಒಳಗೆ ಹೊಕ್ಕಲಿಲ್ಲ, ರಸ್ತೆಯ ಅಂಚಿನಲ್ಲೇ ಕಾದು ನಿಂತೆವು. ನಾಲ್ಕು ಗಂಟೆಯ ಕಾಲ ಕಾದರೂ ಒಂದು ಬಾಲದ ತುದಿಯೂ ಕಾಣಲಿಲ್ಲ. ದೂರದಲ್ಲಿ ಒಮ್ಮೆ ಕೊಂಬೆ ಅಲುಗಿತು, ಅದು ಏನೆಂದು ಹೇಳಲಾರೆ. ಮರದ ಬುಡದಲ್ಲಿ ಅರ್ಧ ಕಚ್ಚಿ ಎಸೆದ ಕಾಯಿಗಳು ಸಿಕ್ಕವು. ಮಗುವಿನ ಕಾಲಿಗೆ ಮೂರು ಇಂಬಳ ಹತ್ತಿದವು. 'ಮೈಸೂರೇ ಒಳ್ಳೇದಿತ್ತು' ಎಂದಳು. ಈ ಮಾತನ್ನು ಪರಿಸರದ ಸಭೆಯಲ್ಲಿ ಹೇಳಬಾರದೆಂದು ಮಗ ನನಗೆ ಎಚ್ಚರಿಕೆ ಕೊಟ್ಟಿದ್ದ. ಆದರೂ ಹೇಳುತ್ತೇನೆ, ಏಕೆಂದರೆ ಮಗುವಿನ ದೃಷ್ಟಿಯಲ್ಲಿ ಅದು ಸರಿ. ಅಲ್ಲಿ ಪ್ರಾಣಿ ನಮಗಾಗಿ ಕಾದಿರುತ್ತದೆ. ಕಾಡಿನಲ್ಲಿ ನಾವು ಕಾಯಬೇಕು, ಕಾದರೂ ಅದು ಬಾರದಿರಬಹುದು. ಈ ಎರಡನೆಯದು ರುಚಿಸಲು ಆರು ವರ್ಷ ಸಾಲದು. ನನಗೂ ಅರವತ್ತು ಆಗಬೇಕಾಯಿತು.

ಅದರ ಮರುವಾರ ಅವಳು ಒಂದು ಒಣ ಅಡಿಕೆ ಹಾಳೆಯನ್ನು ಆರಿಸಿ ತಂದು, ಬಣ್ಣದಲ್ಲಿ ಏನೋ ಬರೆದು, ತೋಟದ ದಣಪೆಗೆ ಕಟ್ಟಿದಳು. ಹೋಗಿ ನೋಡಿದರೆ ಮೃಗಾಲಯದಲ್ಲಿ ಕಂಡಂಥದೇ ಫಲಕ! 'ಮಂಗ. ಆಹಾರ: ಬಾಳೆ, ಅಡಿಕೆ, ಅಜ್ಜನ ಏಲಕ್ಕಿ. ವಾಸ: ನಮ್ಮ ತೋಟ. ಊಟ ಮಾಡುವಾಗ ಕೂಗಬಾರದು.' ಕಾಗುಣಿತದ ತಪ್ಪುಗಳನ್ನು ನಾನು ತಿದ್ದಿ ಹೇಳಿದ್ದೇನೆ. ಮಂಗ ಬಂದಾಗ ನಾನು ಈಗಲೂ ಡಬ್ಬ ಬಡಿಯುತ್ತೇನೆ, ಬಡಿಯದಿದ್ದರೆ ಏಲಕ್ಕಿ ಉಳಿಯುವುದಿಲ್ಲ. ಗರ್ನಾಲು ಮತ್ತು ಕವಣೆಯನ್ನು ಮಾತ್ರ ಅಟ್ಟದ ಮೇಲಿಟ್ಟಿದ್ದೇನೆ. ಬೆಟ್ಟದಲ್ಲಿ ಈ ವರ್ಷ ಸೊಪ್ಪು ಕಡಿಯದೆ ಬಿಟ್ಟ ಮೂಲೆಯಲ್ಲಿ ನೇರಳೆ, ಹಲಸು, ಉಪ್ಪಾಗೆಯ ಸಸಿಗಳನ್ನು ನೆಡಲು ಗುಂಡಿ ತೆಗೆಸಿದ್ದೇನೆ. ಮಳೆ ಹಿಡಿದ ಮೇಲೆ ನೆಡುವ ಕೆಲಸವಿದೆ, ಬರುವವರು ಬನ್ನಿ.

ಆ ಹಾಳೆಯ ಫಲಕವನ್ನು ಹೋದ ವಾರ ಮಂಗವೇ ಕಿತ್ತು ಚೂರು ಮಾಡಿ ಎಸೆದಿದೆ. ಮೊಮ್ಮಗಳು ಹೊಸ ಹಾಳೆಯನ್ನು ಆರಿಸಿಟ್ಟಿದ್ದಾಳೆ. ಕೆಂಪು ಬಣ್ಣ ಮುಗಿದಿದೆಯಂತೆ, ಶಿಬಿರ ಮುಗಿಸಿ ಹೋಗುವಾಗ ಸಿದ್ದಾಪುರದ ಪೇಟೆಯಲ್ಲಿ ಒಂದು ಡಬ್ಬಿ ಕೊಳ್ಳಬೇಕು.